ಇಲಿ ಬಿದ್ದ ಊರಲ್ಲಿ ನಾನು ಹೇಳಿದ ಸುಳ್ಳು

ನಲವತ್ತೊಂದನೇ ಇಸವಿ ಇರಬೇಕು. ಎತ್ತಿಗೆ ಲಾಳ ಕಟ್ಟೋದು ನಮ್ಮ ಮನೆತನದ ಕಸುಬು. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಮಳವಳ್ಳಿ ಕನ್ನಡ. ಆ ಸಲ ಕೊಳ್ಳೇಗಾಲದಾಚೆಯ ಬೆಟ್ಟದ ಹಳ್ಳಿಗಳಿಗೆ ಹೋದವನು ಹುಲ್ಲು ತುಂಬಿದ ಒಂದು ಕೊಟ್ಟಿಗೆಯಲ್ಲಿ ಹದಿನೈದು ರಾತ್ರಿ ಮಲಗಿದ್ದೆ. ಅಲ್ಲಿ ಇಲಿಗಳದ್ದೇ ರಾಜ್ಯ. ಕಂಬಳಿ ಕೊಡವಿದರೆ ಹಿಕ್ಕೆ ಉದುರೋದು. ನಾನೋ ಮಹಾ ಸೋಮಾರಿ, ಗುಡಿಸದೆ ಅದರ ಮೇಲೇ ಮಲಗುತ್ತಿದ್ದೆ.

ವಾಪಸು ಬರುವಾಗ ಶಿವನಸಮುದ್ರ ದಾಟುವಷ್ಟರಲ್ಲಿ ಮೈ ಕಾದ ಹಂಚಾಗಿತ್ತು, ಸೊಂಟ ಮುರಿದ ಹಾಗೆ ನೋವು. ಕಾಲೆಳೆದುಕೊಂಡು, ನಾನು ವರ್ಷವೂ ಲಾಳ ಕಟ್ಟುತ್ತಿದ್ದ ಪೂರಿಗಾಲಿ ಕಡೆಯ ಒಂದು ಹಳ್ಳಿಗೆ ಬಂದರೆ ಊರೇ ಖಾಲಿ. ಇಲಿ ಬಿದ್ದಿದ್ದವು. ಇಲಿ ಸತ್ತು ಬಿದ್ದರೆ ಪ್ಲೇಗು ಬಂತು ಅಂತಲೇ ಅರ್ಥ. ಜನ ಮನೆ ಬಿಟ್ಟು ಹೊಲದಲ್ಲಿ ಗುಡ್ಲು ಹಾಕಿಕೊಳ್ಳೋರು. ಜ್ವರ ಬಂದವನನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ನಾನೂ ಹೊಲದ ಕಡೆಗೇ ಹೋದೆ. ಮೊದಲ ಗುಡ್ಲಲ್ಲಿ ನಿಂಗಮ್ಮ ಅನ್ನೋ ಹಿರಿಯರಿದ್ದರು. ಅವರ ಎತ್ತುಗಳಿಗೂ ನಾನೇ ಲಾಳ ಕಟ್ಟುತ್ತಿದ್ದೆ.

"ಯಾಕ್ ಸಾಬ್ರೇ, ಮಕ ಇಂಗ್ ಬಾಡೋಗದೆ? ಜ್ವರ ಗಿರ ಬಂದದಾ?"

"ಇಲ್ಲ ಕಣವ್ವಾ, ಬಿಸ್ಲು" ಅಂದೆ. ಹಸಿ ಸುಳ್ಳು. ಮಳವಳ್ಳಿ ಮುಟ್ಟೋ ಶಕ್ತಿ ನನಗಿರಲಿಲ್ಲ, ಇನ್ನೆಲ್ಲಿಗೆ ಹೋಗಲಿ?

ನೀರು ಕೊಟ್ಟು ನೆರಳಲ್ಲಿ ಮಲಗಿಸಿದರು. ಸ್ವಲ್ಪ ಹೊತ್ತಿಗೆ ಅವರ ಮೊಮ್ಮಗಳು, ಅಂಬೆಗಾಲಿಡೋ ಕೂಸು, ನಗುತ್ತಾ ನನ್ನ ಪಕ್ಕಕ್ಕೇ ಬಂತು. ನನಗೂ ಮನೆಯಲ್ಲಿ ಅಷ್ಟೇ ವಯಸ್ಸಿನ ಮಗಳಿದ್ದಳು.

"ಅವ್ವಾ, ಕೂಸ್ನ ಎತ್ಕೊಳಿ. ನಂಗೆ ಜ್ವರ ಅದೆ. ಸುಳ್ಳೇಳ್ಬುಟ್ಟೆ" ಅಂದೆ.

ಅಕ್ಕಪಕ್ಕದ ಗುಡ್ಲಿನವರು ಸೇರಿದರು. "ಪ್ಲೇಗು ಒತ್ಕೊಂಡ್ ಬಂದವ್ನೆ, ಓಡ್ಸಿ" ಅಂತ ಒಬ್ಬ ದೊಣ್ಣೆ ಎತ್ತಿದ. ಅವನದೇನೂ ತಪ್ಪಲ್ಲ. ಹಿಂದಿನ ವಾರವಷ್ಟೇ ಅವನ ತಮ್ಮ ಪ್ಲೇಗಿನಲ್ಲಿ ತೀರಿಕೊಂಡಿದ್ದ.

ನಿಂಗಮ್ಮ ಕೂಸನ್ನು ಸೊಂಟಕ್ಕೇರಿಸಿಕೊಂಡು ಅಡ್ಡ ನಿಂತರು. "ಸುಮ್ಕಿರ್ಲಾ. ಬಾಯ್ ಮುಚ್ಕೊಂಡ್ ಮನಿಕಂಡಿದ್ರೆ ನಮ್ಗ್ ಗೊತ್ತಾಗ್ತಿತ್ತಾ? ಕೂಸ್ ಉಳೀಲಿ ಅಂತ ನಿಜ ಏಳವ್ರೆ. ಅಂತೋರ್ನ ಬೀದೀಲಿ ಸಾಯಕ್ ಬುಡಕಾಯ್ತದಾ?"

ದೂರದ ಹುಣಸೆ ಮರದ ಕೆಳಗೆ ನನಗೊಂದು ಗರಿ ಗುಡ್ಲು ಎದ್ದಿತು. ಎರಡು ಹೊತ್ತೂ ರಾಗಿ ಗಂಜಿಯನ್ನು ಕಲ್ಲಿನ ಮೇಲಿಟ್ಟು, ಹಿಂದೆ ಸರಿದು ನಿಂತು, "ಕಂಕ್ಳು ಮುಟ್ ನೋಡ್ಕಳಿ ಸಾಬ್ರೇ, ಗಂಟ್ ಎದ್ದದಾ?" ಅಂತ ನಿಂಗಮ್ಮ ಕೇಳೋರು. ಪ್ಲೇಗಿನ ಗಂಟು ಏಳಲಿಲ್ಲ. ಹತ್ತನೇ ದಿನ ಜ್ವರ ಬಿಟ್ಟಿತು. ಆಮೇಲೆ ಊರಿಗೆ ಹೋದಾಗ ಮಳವಳ್ಳಿ ಡಾಕ್ಟರು, "ಇದು ಪ್ಲೇಗಲ್ಲ. ಬೆಟ್ಟದ ಇಲಿಗಳಿಂದ ಅಂಟಿದ ಯಾವುದೋ ಜ್ವರ" ಅಂದರು. ಅದರ ಹೆಸರು ಅವರಿಗೂ ಗೊತ್ತಿರಲಿಲ್ಲ.

ಹೊರಡೋ ದಿನ ದೂರದಿಂದಲೇ ಕೈ ಮುಗಿದೆ. ನಿಂಗಮ್ಮ ಸೀದಾ ಬಂದವರೇ ಕೂಸನ್ನು ನನ್ನ ತೋಳಿಗೆ ಕೊಟ್ಟರು. "ಇಡ್ಕಳಿ ಸಾಬ್ರೇ, ಯಾಕ್ ಎದರ್ತೀರಿ?" ಅಂದರು. ನಾನು ಅತ್ತುಬಿಟ್ಟೆ. ನನ್ನನ್ನು ನಂಬಿ ಅದಕ್ಕಿಂತ ದೊಡ್ಡದನ್ನು ಯಾರೂ ನನ್ನ ಕೈಗೆ ಕೊಟ್ಟಿಲ್ಲ.