ಟವೆಲ್ಲು ಹಾಕಿದ ಸೀಟು

ನಮ್ಮ ಗದಗ ಬಸ್‌ಸ್ಟ್ಯಾಂಡಿನಲ್ಲಿ ಸೀಟು ಹಿಡಿಯಲು ಬಸ್ಸು ಹತ್ತಬೇಕೆಂದೇನಿಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದವನದೇ ಸೀಟು. ಟವೆಲ್ಲಿಲ್ಲದವರು ಕರ್ಚೀಪು ಹಾಕುತ್ತಾರೆ, ಚೀಲ ತೂರುತ್ತಾರೆ, ಒಮ್ಮೊಮ್ಮೆ ಅಳುವ ಕೂಸನ್ನೂ ಒಳಗೆ ದಾಟಿಸುತ್ತಾರೆ. ಈ ಕಾಯ್ದೆಯನ್ನು ಯಾವ ಸರಕಾರವೂ ಬರೆದಿಲ್ಲ. ಆದರೆ ಮುರಿದವರಿಗೆ ಏಟು ಬೀಳುವುದನ್ನು ನಾನು ಕಂಡಕ್ಟರ್ ಆಗಿದ್ದಷ್ಟು ಕಾಲ ನೋಡಿದ್ದೇನೆ.

ಅವತ್ತು ಲಕ್ಷ್ಮೇಶ್ವರದ ಸಂಜೆ ಬಸ್ಸು. ಶಿಗ್ಲಿಯ ಒಬ್ಬ ಮುದುಕಿ ಗದಗಿನಲ್ಲಿ ಕಣ್ಣಿನ ಆಪರೇಶನ್ ಮಾಡಿಸಿಕೊಂಡು, ಪಟ್ಟಿ ಕಟ್ಟಿಕೊಂಡು ಊರಿಗೆ ಹೊರಟಿದ್ದಳು. ಕೆಂಪು ಟವೆಲ್ಲು ಬಿದ್ದಿದ್ದ ಸೀಟಿನ ಮೇಲೆ ತಿಳಿಯದೆ ಕುಳಿತುಬಿಟ್ಟಳು. ಟವೆಲ್ಲಿನ ಧಣಿ ಜನರನ್ನು ಮೊಳಕೈಯಿಂದ ತಿವಿಯುತ್ತ ಹತ್ತಿ ಬಂದ.

"ಟವೆಲ್ ಹಾಕೀನಿ, ಕಣ್ಣ ಕಾಣಂಗಿಲ್ಲೇನಬೇ ನಿನಗ?"

"ಒಂದು ಕಾಣತೈತಪಾ. ಇನ್ನೊಂದಕ್ಕ ಪಟ್ಟಿ ಕಟ್ಯಾರ," ಎಂದಳು. ಪಾಪ, ಕೇಳಿದ್ದಕ್ಕೆ ಉತ್ತರ ಕೊಟ್ಟಳು.

ಆ ಭಾಡ್ಯಾ ಅವಳ ರೆಟ್ಟೆ ಹಿಡಿದು ದರದರ ಎಳೆದ. ಮುದುಕಿಯ ತಲೆ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿದ ಸಪ್ಪಳ ನನಗೆ ಹಿಂದಿನ ಬಾಗಿಲವರೆಗೂ ಕೇಳಿಸಿತು. ಬಸ್ಸು ತುಂಬ ಜನ, ಒಬ್ಬರೂ ಮಿಸುಕಲಿಲ್ಲ. ನಾನು ಜನರನ್ನು ಸೀಳಿಕೊಂಡು ಹೋಗಿ, ಕೈಯಲ್ಲಿದ್ದ ಟಿಕೆಟ್ ಮಶೀನಿನಿಂದ ಅವನ ಹಣೆಗೆ ಬಿಟ್ಟೆ. ಬುಡುಬುಡು ರಕ್ತ ಬಂತು. ಬಿಳಿ ಅಂಗಿ ಟವೆಲ್ಲಿನ ಬಣ್ಣಕ್ಕೆ ತಿರುಗಿತು. ಖರೆ ಹೇಳುತ್ತೇನೆ, ನನಗೆ ಭಾಳ ಸಮಾಧಾನವಾಯಿತು.

ಡಿಪೋ ಸಾಹೇಬರಿಗೆ ಆಗಲಿಲ್ಲ. ಕಂಡಕ್ಟರ್ ಹೊಡೆದಳೆಂದು ದೂರು ಹೋಗಿತ್ತು. "ಸಿಟ್ಟ ತಡಕೊಳ್ಳೂ ಟ್ರೇನಿಂಗ್ ಮುಗಿಸ್ಕೊಂಡ ಬರ್ರಿ ಅಕ್ಕಾರ. ಇಕಿ ಬಸ್ಸಿಗೆ ಅಡ್ಡಿಯಿಲ್ಲ ಅಂತ ಅಲ್ಲಿ ಮಾಸ್ತರು ಹೇಳಿದ್ರ ಡ್ಯೂಟಿ. ಅಲ್ಲಿತನಕ ಯಾರ ಮ್ಯಾಲರೆ ಕೈ ಎತ್ತಿದ್ರಿ ಅಂದ್ರ ಬಸ್ ಮರತ ಬಿಡ್ರಿ."

ಬಸ್ ಮರೆಯುವುದೆಂದರೇನು? ಮುಂಜಾನೆ ಶಿರಹಟ್ಟಿ ದಾಟುವಾಗ ಬಾಗಿಲಲ್ಲಿ ನಿಂತರೆ ಮುಖಕ್ಕೆ ಬಡಿಯುವ ಗಾಳಿ, ನಾನು ಒಂದು ಸೀಟಿ ಊದಿದರೆ ನಿಲ್ಲುವ ಅಷ್ಟು ದೊಡ್ಡ ಗಾಡಿ! ಮನೆಯಲ್ಲಿ ನನ್ನ ಮಾತಿಗೆ ಬೆಕ್ಕೂ ನಿಲ್ಲುವುದಿಲ್ಲ. ಆ ಬಸ್ಸು ಹೋದರೆ ನಾನು ಏನೂ ಅಲ್ಲ. ಸೆರಗಿನ ಗಂಟಿಗೆ ಕೈ ಕಟ್ಟಿಕೊಂಡಾದರೂ ಪಾಸಾಗಿ ಬರುತ್ತೇನೆಂದು ಹೋದೆ.

ಮಾಸ್ತರು ಬೆಂಗಳೂರಿನ ಹುಡುಗ, ನಗುಮುಖದವನು. ಕೆಲಸಗಾರರಿಗೆ ಬೇಸರವಾಗದಂತೆ ಕಲಿಸಬೇಕೆಂದು ಒಂದು ಪೆಟ್ಟಿಗೆ ತುಂಬ ಆಟಿಕೆ ಸಾಮಾನು ತಂದಿದ್ದ. ಸಿಟ್ಟನ್ನೆಲ್ಲ ಊದಿ ತುಂಬುವುದಕ್ಕೆ ಬಲೂನು, ಹಿಚುಕುವುದಕ್ಕೆ ಮೆತ್ತನೆಯ ಚೆಂಡು, ಫೋನಿನಲ್ಲಿ ಒಂದು ಆಟ. ಆಟದಲ್ಲಿ ಕೆಂಪು ಮುಖದ ಪ್ರಯಾಣಿಕ ಬೈಯುತ್ತಾನೆ. ನಾವು ಸರಿಯಾದ ಉತ್ತರ ಒತ್ತಿದರೆ ಹಸಿರಾಗಿ ನಗುತ್ತಾನೆ. ನಾನು ಎಲ್ಲರನ್ನೂ ಹಸಿರು ಮಾಡಿದೆ. ಚೆಂಡನ್ನು ಮಾತ್ರ ಮೊದಲ ದಿನವೇ ಹಿಚುಕಿ ಹರಿದೆ.

ಕೊನೆಯ ದಿನ ಆತ ಕುರ್ಚಿಗಳನ್ನು ಎರಡು ಸಾಲು ಜೋಡಿಸಿ, "ಇದೇ ಬಸ್ಸು," ಎಂದ. ರಟ್ಟಿನ ಪೆಟ್ಟಿಗೆಯೊಂದನ್ನು ನನ್ನ ಕೈಗೆ ಕೊಟ್ಟು, "ಮೇಡಂ, ಇದು ನಿಮ್ಮ ಟಿಕೆಟ್ ಮಷಿನ್. ನಾವೆಲ್ಲ ಪ್ಯಾಸೆಂಜರ್ಸು. ಏನಾದರೂ ಆಗಲಿ, ನೀವು ಶಾಂತವಾಗಿರಬೇಕು," ಎಂದ. ಬೇಕೆಂದೇ ಕುರ್ಚಿ ಕಡಿಮೆ ಇಟ್ಟಿದ್ದ.

ಸೀಟಿ ಊದಿದ್ದೇ ತಡ, ನನ್ನ ಜೊತೆ ಟ್ರೇನಿಂಗಿಗೆ ಬಂದಿದ್ದ ಗಂಡಸರು ಥೇಟ್ ಬಸ್‌ಸ್ಟ್ಯಾಂಡಿನಂತೆಯೇ ನುಗ್ಗಿದರು. ಮುಂಡರಗಿ ಕಡೆಯ ಒಬ್ಬ ಆಳೆತ್ತರದ ಡ್ರೈವರ್ ದೂರದಿಂದಲೇ ಕುರ್ಚಿಯೊಂದಕ್ಕೆ ಟವೆಲ್ಲು ಎಸೆದ. ಮಾಸ್ತರನಿಗೆ ಟವೆಲ್ಲಿನ ಕಾಯ್ದೆ ಏನು ಗೊತ್ತು? ಅದನ್ನೆತ್ತಿ ಕುರ್ಚಿಯ ಧೂಳು ಒರೆಸಿ, ನೆಲಕ್ಕೆ ಹಾಕಿ, ತಾನೇ ಕುಳಿತ.

"ಟವೆಲ್ ಹಾಕೀನ್ರಿ," ಎಂದ ಡ್ರೈವರ್.

ನಾಟಕ ಚೆನ್ನಾಗಿ ಬರಲೆಂದು ಮಾಸ್ತರ ದನಿ ಏರಿಸಿದ. "ಏನ್ರೀ, ಸೀಟೇನು ನಿಮ್ಮಪ್ಪನದಾ?"

ಅಪ್ಪನ ಸುದ್ದಿಗೆ ಹೋದ ಮೇಲೆ ಮುಗಿಯಿತು. ಡ್ರೈವರ್ ಅವನನ್ನು ಕುರ್ಚಿ ಸಮೇತ ಎತ್ತಿ ಗೋಡೆಗೆ ಬಡಿದ. ಕುರ್ಚಿಯ ಕಾಲು ಮುರಿಯಿತು. ಬಿಡಿಸಲು ಹೋದವರಿಗೆ ಎರಡೆರಡು ಬಿದ್ದವು, ಅವರು ತಿರುಗಿ ಮತ್ತಾರಿಗೋ ಹಾಕಿದರು, ನೋಡನೋಡುತ್ತ ಕೋಣೆಯಲ್ಲಿ ಒದೆತ, ಗುದ್ದು, ಹರಿದ ಅಂಗಿ. ಹಿಂದೆ ಕುಳಿತವರು ಇನ್ನೂ ನಾಟಕವೆಂದೇ ಚಪ್ಪಾಳೆ ತಟ್ಟುತ್ತಿದ್ದರು. ಡ್ರೈವರ್ ಮಾಸ್ತರನ ಎದೆಯ ಮೇಲೆ ಮೊಣಕಾಲೂರಿ ಮೂಗಿಗೆ ಗುದ್ದುತ್ತಿದ್ದ.

ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಸುಮ್ಮನಿದ್ದರೆ ಬಸ್ಸು ನನ್ನದು. ಇನ್ನೊಂದು ಗುದ್ದು ಬಿತ್ತು. ಮಾಸ್ತರನ ಕಣ್ಣುಗಳು ನನ್ನ ಕಡೆ ತಿರುಗಿದವು. ಆ ಮುದುಕಿಯೂ ಒಂದೇ ಕಣ್ಣಿನಿಂದ ಹೀಗೆಯೇ ನೋಡಿದ್ದಳು.

ಸುಡಲಿ ಎಂದುಕೊಂಡು ಹೋದೆ. ರಟ್ಟಿನ ಪೆಟ್ಟಿಗೆಯಿಂದ ಹೊಡೆದೆ, ಅದು ಮುದ್ದೆಯಾಯಿತು. ಆಮೇಲೆ ಡ್ರೈವರನ ಕಪಾಳಕ್ಕೆ ಬರಿಗೈಯಿಂದ ಫಟೀರೆಂದು ಎರಡು ಬಾರಿಸಿದೆ. ಆತ ಕಿವಿ ಹಿಡಿದು ಕುಸಿದು ಕುಳಿತ. ಕೋಣೆ ತಣ್ಣಗಾಯಿತು. ಸ್ವಲ್ಪ ಹೊತ್ತಿಗೆ ಆತನೇ, "ಛಲೋ ಆತು ಹೊಡದ್ರಿ ಅಕ್ಕಾರ. ಇಲ್ಲಾಂದ್ರ ಇವತ್ತ ಇವ್ರನ್ನ ಕೊಂದ ಬಿಡತಿದ್ದೆ," ಎಂದು ಅತ್ತ.

ಮಾಸ್ತರ ಮೂಗಿಗೆ ಹತ್ತಿ ತುರುಕಿಕೊಂಡು ನನ್ನ ಮುಂದೆ ಕುಳಿತ. "ಥ್ಯಾಂಕ್ಸ್ ಮೇಡಂ. ಆದರೆ ಒಂದು ಮಾತು ಕೇಳಲೇಬೇಕು. ಬಸ್ಸಿನಲ್ಲಿ ಮತ್ತೆ ಇಂಥದ್ದಾದರೆ ಕೈ ಎತ್ತುತ್ತೀರಾ?"

ಬಾಗಿಲಲ್ಲಿ ನಿಂತ ಡ್ರೈವರ್ ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ತಲೆಯಾಡಿಸುತ್ತಿದ್ದ. ನನಗೂ ಗೊತ್ತಿತ್ತು. ಆದರೆ ಆ ಮೂಗನ್ನು ನೋಡುತ್ತ ಹೇಗೆ ಹೇಳಲಿ?

"ಎತ್ತತೀನ್ರಿ," ಎಂದೆ.

ಆತ ನನ್ನ ಹೆಸರಿನ ಮುಂದೆ ಬಸ್ಸಿಗೆ ಬೇಡ ಎಂದು ಬರೆದ. "ಅಡ್ಡಿಯಿಲ್ಲ ಅಂತ ನಾನು ಸುಳ್ಳು ಹೇಳಿ, ನಾಳೆ ಯಾರಾದರೂ ಸತ್ತರೆ?" ಎಂದ. ಕೇಳಿದ್ದು ತಪ್ಪಲ್ಲ. ಆದರೂ ಅವನ ಹತ್ತಿ ಕಿತ್ತು ಇನ್ನೊಂದು ಬಾರಿಸಬೇಕೆನಿಸಿತು.

ಈಗ ನಾನು ಬಸ್‌ಸ್ಟ್ಯಾಂಡಿನ ಗಾಜಿನ ಕೋಣೆಯಲ್ಲಿ ಮೈಕು ಹಿಡಿದು ಕೂರುತ್ತೇನೆ. ಯಾವ ಬಸ್ಸು ಎಲ್ಲಿಗೆಂದು ಕೂಗುವುದು ಕೆಲಸ. ಕೈ ಎತ್ತಬೇಡ ಅಂದಿದ್ದಾರೆ, ಬಾಯಿ ಮುಚ್ಚು ಅಂದಿಲ್ಲವಲ್ಲ. "ಲಕ್ಷ್ಮೇಶ್ವರ ಬಸ್ಸಿನ ನೀಲಿ ಟವೆಲ್ಲು! ಆ ಬಸರಿ ಹೆಣ್ಣಮಗಳಿಗೆ ಜಾಗಾ ಬಿಡಲೇ, ನಾ ನೋಡಾಕ ಹತ್ತೀನಿ!" ಎಂದು ಒದರಿದರೆ ಇಡೀ ಸ್ಟ್ಯಾಂಡು ತಿರುಗುತ್ತದೆ. ನೀಲಿ ಟವೆಲ್ಲು ಸರ್ರನೆ ಮಾಯವಾಗುತ್ತದೆ, ಆಕೆ ಕೂರುತ್ತಾಳೆ.

ಆಮೇಲೆ ಬಸ್ಸು ಗೇಟು ದಾಟುತ್ತದೆ. ಅಲ್ಲಿಂದಾಚೆ ನನ್ನ ಮೈಕು ಕೇಳಿಸುವುದಿಲ್ಲ. ಒಳಗೆ ಆಕೆಯನ್ನು ಎಬ್ಬಿಸಿದರೋ, ಎಳೆದರೋ, ತಲೆ ಕಬ್ಬಿಣಕ್ಕೆ ಬಡಿಯಿತೋ, ನನಗೆ ತಿಳಿಯುವುದಿಲ್ಲ. ಬಸ್ಸು ಕಾಣದಾಗುವವರೆಗೂ ನಾನು ಕುಳಿತಲ್ಲೇ ಮುಷ್ಟಿ ಬಿಗಿಹಿಡಿದಿರುತ್ತೇನೆ.