ದೊಡ್ಡಮ್ಮನ ಎಡಗಣ್ಣಿಗೆ ಬಂದ ಅಮೆ

ನನ್ನ ದೊಡ್ಡಮ್ಮನಿಗೆ ಎಡಗಣ್ಣು ಕಾಣುತ್ತಿರಲಿಲ್ಲ. ಅದರಿಂದ ಅವರಿಗೆ ಆದಷ್ಟು ಲಾಭ ಎರಡೂ ಕಣ್ಣು ನೆಟ್ಟಗಿದ್ದ ಯಾರಿಗೂ ಆದದ್ದನ್ನು ನಾನು ನೋಡಿಲ್ಲ. ಕಾಪುವಿನಲ್ಲಿ ಉಡುಪಿಯ ಬಸ್ಸು ಹತ್ತಿದರೆ ಬಲಗಣ್ಣಿನಿಂದ ಒಂದು ಸುತ್ತು ನೋಡಿ, ಮಾತು ಬೇಕಾದವರನ್ನು ಬಲಗಡೆಗೆ ಕೂರಿಸಿಕೊಂಡು, ಬೇಡದವರಿಗೆ ಎಡಗಡೆಯನ್ನು ಬಿಟ್ಟುಕೊಡುತ್ತಿದ್ದರು. ಮದುವೆಯ ಊಟದಲ್ಲಿ ಎಡಗಡೆಯಿಂದ ಹೋಳಿಗೆ ಬಿದ್ದರೆ ಅದು ಲೆಕ್ಕಕ್ಕಿಲ್ಲ. "ನನಗೆ ಬರಲೇ ಇಲ್ಲ ಅಲ್ವಾ" ಎಂದು ಇನ್ನೊಂದು ಹಾಕಿಸಿಕೊಳ್ಳುತ್ತಿದ್ದರು. ಬಡಿಸುವವರಿಗೆ ವಿಷಯ ಗೊತ್ತಿತ್ತು, ಆದರೆ ಕಣ್ಣಿಲ್ಲದವರ ಜೊತೆ ಜಗಳಕ್ಕೆ ನಿಲ್ಲುವವರು ಯಾರು?

ಈ ಎಡಗಣ್ಣಿನ ಮುಖ್ಯ ಗಿರಾಕಿ ಅವರ ನಾದಿನಿ, ತೀರಿಹೋದ ನನ್ನ ದೊಡ್ಡಪ್ಪನ ತಂಗಿ. ಕಾಪುವಿನ ಹತ್ತಿರ ಇಬ್ಬರದೂ ಅಕ್ಕಪಕ್ಕದ ಮನೆ, ಎರಡೂ ಅಂಗಳದ ತುಂಬ ಮಲ್ಲಿಗೆ ಗಿಡ, ನಡುವೆ ಒಂದು ಮಣ್ಣಿನ ಗೋಡೆ. ಗೋಡೆ ಹೋಗಿ ಬಾವಿಗೆ ಮುಟ್ಟಿ ಆಚೆಯಿಂದ ಮತ್ತೆ ಹೊರಡುತ್ತಿತ್ತು, ಅಂದರೆ ಬಾವಿ ಅರ್ಧ ಇವರದು, ಅರ್ಧ ಅವರದು. ನಾದಿನಿ ನೀರು ಸೇದಲು ಬಂದರೆ ದೊಡ್ಡಮ್ಮ ಕೂತಲ್ಲೇ ಸ್ವಲ್ಪ ತಿರುಗಿ ಎಡಗೆನ್ನೆಯನ್ನು ಆ ಕಡೆ ಮಾಡುತ್ತಿದ್ದರು. ಅಲ್ಲಿಗೆ ನಾದಿನಿ ಎಂಬ ಹೆಂಗಸು ಭೂಮಿಯ ಮೇಲೆ ಇಲ್ಲ.

ಕಾರಣ ಸಣ್ಣದಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಮದುವೆಯ ಊಟ ಮುಗಿದು, ಹೆಂಗಸರೆಲ್ಲ ಎಲೆ ಅಡಿಕೆಯ ತಟ್ಟೆಯ ಸುತ್ತ ಕೂತಿದ್ದರು. ಸುಣ್ಣದ ಪ್ಲಾಸ್ಟಿಕ್ ಪ್ಯಾಕೆಟಿನ ಬಾಯಿ ಒಣಗಿ ಕಟ್ಟಿಕೊಂಡಿತ್ತು. ನಾದಿನಿ ಅದನ್ನು ಹೆಬ್ಬೆರಳಿನಿಂದ ಒತ್ತಿದರು, ಬರಲಿಲ್ಲ, ಇನ್ನಷ್ಟು ಒತ್ತಿದರು. ಪ್ಯಾಕೆಟ್ಟು ಒಡೆದು ಸುಣ್ಣ ಎದುರು ಕೂತಿದ್ದ ದೊಡ್ಡಮ್ಮನ ಎಡಗಣ್ಣಿಗೆ ಹಾರಿತು. ಬರೀ ನೀರಿನಿಂದ ತೊಳೆಯುತ್ತಲೇ ಇರಬೇಕಿತ್ತು. ಅದರ ಬದಲು ಒಬ್ಬರು ಎಳನೀರು ಎಂದರು, ಒಬ್ಬರು ತುಪ್ಪ ಎಂದರು, ಮದುವೆಮನೆಯಲ್ಲಿ ಸಲಹೆಗಳಿಗೆ ಬರವಿಲ್ಲವಲ್ಲ. ಆಸ್ಪತ್ರೆ ಮುಟ್ಟುವಾಗ ಕಣ್ಣು ಸುಟ್ಟಾಗಿತ್ತು. ನಾದಿನಿ ಆಮೇಲೆ ಎಲೆ ಅಡಿಕೆ ಮುಟ್ಟಲೇ ಇಲ್ಲ. ದೊಡ್ಡಮ್ಮ ಮಾತ್ರ ಊಟವಾದ ಮೇಲೆ, ಬೇಕೆಂದೇ ಗೋಡೆಯ ಹತ್ತಿರ ಕೂತು, ಇಡೀ ಊರಿಗೆ ಕೇಳುವ ಹಾಗೆ ಅಡಿಕೆ ಕುಟ್ಟುತ್ತಿದ್ದರು.

ನಾನು ಆಗ ಕಾರ್ಕಳದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಶನಿವಾರ ಮಧ್ಯಾಹ್ನ ಪಾಠ ಮುಗಿಸಿ ಬಸ್ಸು ಹಿಡಿದರೆ ಸಂಜೆಯ ಚಹಾ ದೊಡ್ಡಮ್ಮನ ಮನೆಯಲ್ಲಿ. ಎರಡು ಸಾವಿರ ದಾಟಿದ ಮೇಲಿನ ಆ ವರ್ಷಗಳಲ್ಲಿ ಪತ್ರಿಕೆ ಬಿಡಿಸಿದರೆ ಸಾಕು, ಸ್ಟೆಮ್ ಸೆಲ್ಲಿನ ಸುದ್ದಿ. ಹೊಸ ಹೃದಯ ಬೆಳೆಸುತ್ತಾರಂತೆ, ಹೊಸ ಮೊಣಗಂಟು ಬರುತ್ತದಂತೆ. ನಮ್ಮ ಸ್ಟಾಫ್ ರೂಮಿನಲ್ಲಿ ನನಗೆ ದಿಢೀರನೆ ಬೆಲೆ ಬಂತು. ಬೋಳುತಲೆಯ ಕನ್ನಡ ಉಪನ್ಯಾಸಕರು ಬಾಗಿಲು ಮುಚ್ಚಿ ಬಂದು ಮೆಲ್ಲಗೆ, "ಕೂದಲಿಗೂ ಉಂಟಾ?" ಎಂದು ಕೇಳಿದರು. "ಸದ್ಯಕ್ಕೆ ಇಲಿಗಳಿಗೆ ಉಂಟು ಸರ್" ಎಂದೆ. ಅವರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ಇತ್ತ ದೊಡ್ಡಮ್ಮನ ಎಡಗಣ್ಣು ಕಾಣದೇ ಇದ್ದರೂ ಸುಮ್ಮನಿರಲಿಲ್ಲ. ಸದಾ ಕೆಂಪು, ಸದಾ ನೀರು. ಮಲ್ಲಿಗೆ ಮೊಗ್ಗನ್ನು ಬಿರಿಯುವ ಮುಂಚೆ ಬೆಳಿಗ್ಗೆಯೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ಏಜೆಂಟ್ ಬರುವುದರೊಳಗೆ ಲೆಕ್ಕದ ಕಟ್ಟು, ಅಂದರೆ ಅಟ್ಟಿ, ಮಾಡಿಡಬೇಕು. ಬಿಸಿಲು ಏರಿದಂತೆ ಆ ಕಣ್ಣು ಚುಚ್ಚಿ ಚುಚ್ಚಿ, ಒಳ್ಳೆಯ ಕಣ್ಣನ್ನೂ ತೆರೆಯಲು ಬಿಡುತ್ತಿರಲಿಲ್ಲ. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು ಎಂದು ತಮ್ಮ ಕಣ್ಣಿಗೇ ಬೈದುಕೊಳ್ಳುತ್ತಿದ್ದರು. ಒಂದು ದಿನ ಕೊಯ್ಯುವುದನ್ನು ಅರ್ಧಕ್ಕೆ ಬಿಟ್ಟು ಗಿಡದ ಬುಡದಲ್ಲಿ ಕಣ್ಣು ಮುಚ್ಚಿ ಕೂತುಬಿಟ್ಟರು. ನನಗೆ ಹೆದರಿಕೆಯಾಯಿತು. ಹೂ ಕಟ್ಟದ ದೊಡ್ಡಮ್ಮನನ್ನು ನಾನು ಊಹಿಸಿಕೊಂಡೇ ಇರಲಿಲ್ಲ.

ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಕಣ್ಣಿನ ಡಾಕ್ಟರು ಧಾರವಾಡದ ಕಡೆಯವರು. ದೊಡ್ಡಮ್ಮ ಮನೆಯಲ್ಲಿ ತುಳು, ಡಾಕ್ಟರ ಮುಂದೆ ಶಾಲೆಯ ಪುಸ್ತಕದ ಕನ್ನಡ.

"ನೋಡ್ರಿ ಅಮ್ಮಾರ, ಕರೀಗುಡ್ಡಿ ಸುತ್ತ ಒಂದು ಬೇಲಿ ಇರ್ತದ. ಸುಣ್ಣ ಬಿದ್ದು ನಿಮ್ಮ ಬೇಲಿ ಸುಟ್ಟು ಹೋಗೇದ. ಹಿಂಗಾಗಿ ಹೊರಗಿನ ದನ ಒಳಗ ಹೊಕ್ಕು ಮೇಯಾಕತ್ತಾವ."

ಅವರು ಬೇಲಿ ಎಂದದ್ದು ಕಣ್ಣಿನ ಕಪ್ಪಿಗೂ ಬಿಳಿಗೂ ನಡುವಿನ ಅಂಚನ್ನು. ಅಲ್ಲಿ ಕೂತಿರುವ ಸ್ಟೆಮ್ ಸೆಲ್ಲುಗಳು ಕಪ್ಪಿನ ಮೇಲಿನ ಗಾಜಿನಂಥ ಪದರಕ್ಕೆ ದಿನಾ ಹೊಸ ಕೋಶಗಳನ್ನು ಹೆತ್ತು ಕಳಿಸುತ್ತವೆ. ಅವು ಸತ್ತರೆ ಬಿಳಿಯ ಚರ್ಮ, ರಕ್ತನಾಳ ಎಲ್ಲ ಒಳಗೆ ನುಗ್ಗಿ ಗಾಜು ಮಸುಕಾಗುತ್ತದೆ. ಇದನ್ನೆಲ್ಲ ನಾನು ಪಾಠದ ಧಾಟಿಯಲ್ಲಿ ವಿವರಿಸಲು ಹೊರಟೆ. ದೊಡ್ಡಮ್ಮ ನನ್ನನ್ನು ಕೈಸನ್ನೆಯಿಂದ ನಿಲ್ಲಿಸಿ ಡಾಕ್ಟರನ್ನು ಕೇಳಿದರು:

"ಹಾಗಾದರೆ ಹೊಸ ಬೇಲಿಯನ್ನು ಎಲ್ಲಿಂದ ತರುವುದು?"

"ನಿಮ್ಮ ಬಲಗಣ್ಣಿಂದರೀ. ಒಂದು ಸಣ್ಣ ಚೂರು ತಗದು, ಲ್ಯಾಬಿನ್ಯಾಗ ಬೆಳಸಿ, ಎಡಗಣ್ಣಿಗೆ ಹಾಕ್ತಾರ. ದೂರದ ಊರಾಗ ಒಂದು ಆಸ್ಪತ್ರಿ ಅದ, ಚೀಟಿ ಕೊಡ್ತೀನಿ. ಛಲೋ ಆಗೋ ಸಂಭವ ಅದ, ಆದರ ಖಾತ್ರಿ ಕೊಡಾಕ ಬರೂದಿಲ್ಲ."

ದೊಡ್ಡಮ್ಮ ಕೊಡೆ ತೆಗೆದುಕೊಂಡು ಎದ್ದರು. "ಬಹಳ ಉಪಕಾರವಾಯಿತು" ಎಂದು ಕೈಮುಗಿದು ಹೊರಗೆ ಬಂದು, ಲಿಫ್ಟಿನ ಎದುರು ತುಳುವಿನಲ್ಲಿ ಡಾಕ್ಟರ ಮೂರು ತಲೆಮಾರನ್ನು ವಿಚಾರಿಸಿಕೊಂಡರು. ಅದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ, ಉಳಿದರ್ಧವನ್ನು ಅಚ್ಚು ಹಾಕುವ ಹಾಗಿಲ್ಲ. ಸಾರಾಂಶ ಇಷ್ಟೇ: ಇರುವುದೊಂದು ಕಣ್ಣು, ಅದಕ್ಕೂ ಕತ್ತರಿ ಹಾಕಿಸಿ ಕುರುಡಿಯಾಗಲು ನನಗೆ ತಲೆ ಕೆಟ್ಟಿಲ್ಲ. ಅವರ ಹೆದರಿಕೆ ತಪ್ಪಾಗಿರಲಿಲ್ಲ. ಆ ಕಣ್ಣೂ ಹೋದರೆ ಮಲ್ಲಿಗೆ, ಮನೆ, ಬಸ್ಸು ಎಲ್ಲವೂ ಹೋದ ಹಾಗೆ.

ಮುಂದಿನ ಶನಿವಾರ ನಾನು ಗೇಟು ದಾಟುವಾಗ ಗೋಡೆಯ ಆಚೆಯಿಂದ ನಾದಿನಿ ಕೈಸನ್ನೆ ಮಾಡಿ ಕರೆದರು. ನಮ್ಮ ಮನೆಯಲ್ಲಿ ನಡೆಯುವ ಮಾತು ಅವರಿಗೆ ಬಾವಿಯ ಮೂಲಕ ಹೇಗೋ ತಲುಪುತ್ತಿತ್ತು.

"ಅತ್ತಿಗೆಯ ಕಣ್ಣು ಮುಟ್ಟುವುದು ಬೇಡ ಮಗಾ. ನನ್ನದರಿಂದ ತೆಗೆಯಲಿ. ನನಗೆ ಎರಡೂ ಸರಿ ಉಂಟು, ಒಂದರಲ್ಲಿ ಸಾಕು. ನನ್ನ ಕೈಯಿಂದ ಹೋದದ್ದಲ್ವಾ?"

ಬೇರೆಯವರ ಕೋಶವನ್ನು ಮೈ ಒಪ್ಪುವುದಿಲ್ಲ, ಒಪ್ಪಿಸಲು ಭಾರೀ ಮದ್ದು ತಿನ್ನುತ್ತಿರಬೇಕಾಗುತ್ತದೆ, ಸ್ವಂತದ್ದೇ ಒಳ್ಳೆಯದು ಎಂದು ತಿಳಿಸಿ ಹೇಳಿದೆ. ಆದರೆ ಮನೆಯೊಳಗೆ ಹೋಗಿ ದೊಡ್ಡಮ್ಮನಿಗೆ ಅಷ್ಟು ಉದ್ದದ ವಿವರ ಕೊಡಲಿಲ್ಲ. "ಆಚೆಮನೆಯವರು ತಮ್ಮ ಕಣ್ಣು ಕೊಡುತ್ತಾರಂತೆ" ಎಂದಷ್ಟೇ ಹೇಳಿ, ಚಹಾಕ್ಕೆ ಸಕ್ಕರೆ ಹಾಕುತ್ತಾ ನಿಂತೆ.

ನಾಳೆಗೆಂದು ನಾರು ಸೀಳುತ್ತಿದ್ದ ದೊಡ್ಡಮ್ಮನ ಕೈ ನಿಂತಿತು. ಆಮೇಲೆ:

"ಅವಳ ಕಣ್ಣು ನನ್ನ ಮುಖದಲ್ಲಿ ಬಂದು ಕೂತರೆ ಏನಾಗ್ತದೆ ಗೊತ್ತುಂಟಾ? ನನ್ನ ಅಡುಗೆಮನೆಯನ್ನೆಲ್ಲ ಒಳಗಿಂದಲೇ ನೋಡ್ತಾಳೆ. ಬೇಡ ಮಾರಾಯ್ತಿ. ನನ್ನದರಿಂದಲೇ ತೆಗೆಯಲಿ. ಟಿಕೇಟು ಮಾಡಿಸು."

ಹಾಗೆ ದೂರದ ಊರಿಗೆ ಹೋದೆವು. ಬಲಗಣ್ಣಿನ ಅಂಚಿನಿಂದ ಅಕ್ಕಿಯ ನುಚ್ಚಿನಷ್ಟು ತೆಗೆದು ಒಳಗೆ ಕೊಂಡುಹೋದರು. ಅದು ಬೆಳೆಯುವವರೆಗೆ ಆಸ್ಪತ್ರೆಯ ಪಕ್ಕದ ಬಾಡಿಗೆ ಕೋಣೆಯಲ್ಲಿ ನಮ್ಮ ವಾಸ. ದೊಡ್ಡಮ್ಮನಿಗೆ ಒಂದೇ ಚಿಂತೆ: "ಡಬ್ಬಿಯೊಳಗೆ ಅದು ಎಂತ ತಿನ್ನುತ್ತದೆ?" ನನ್ನಿಂದ ಲ್ಯಾಬಿನ ಹುಡುಗಿಯನ್ನು ಕೇಳಿಸಿದರು. ಪೌಷ್ಟಿಕ ದ್ರಾವಣ ಎಂದು ತಿಳಿದ ಮೇಲೆ, "ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದ ಕಣ್ಣು, ಪಾಪ" ಎಂದು ಮರುಗಿದರು. ಎರಡನೇ ಸಲ ಒಳಗೆ ಹೋಗುವಾಗ ಮಾತ್ರ ತಮಾಷೆ ಮಾಡಲಿಲ್ಲ. ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದರು.

ಬಲಗಣ್ಣಿಗೆ ಏನೂ ಆಗಲಿಲ್ಲ. ಎಡಗಣ್ಣು ಎಷ್ಟು ತಿಳಿಯಾಗುತ್ತದೆಂದು ನಿಧಾನವಾಗಿ ನೋಡಬೇಕು, ನೀರು ತಾಗಿಸಬೇಡಿ ಎಂದು ಹೇಳಿ, ಕಪ್ಪು ಕನ್ನಡಕ ಹಾಕಿಸಿ ಕಳಿಸಿದರು. ಊರಿಗೆ ಬಂದ ಮಧ್ಯಾಹ್ನ ಜಗಲಿಯಲ್ಲಿ ಕೂತು ದೊಡ್ಡಮ್ಮ ಕೇಳಿದರು, "ಅದನ್ನು ಬೆಳೆಸಿದ್ದು ಯಾವುದರ ಮೇಲೆ? ಬಟ್ಟೆಯಾ?" ಜೀವಶಾಸ್ತ್ರದ ಮೇಡಂಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಗರ್ಭದಲ್ಲಿ ಮಗುವಿನ ಸುತ್ತ ಒಂದು ತೆಳ್ಳಗಿನ ಪೊರೆ ಇರುತ್ತದೆ, ಹೆರಿಗೆಯಾದ ಯಾವುದೋ ತಾಯಿ ಅದನ್ನು ದಾನ ಮಾಡಿದ್ದಾಳೆ, ಶುದ್ಧಮಾಡಿದ ಆ ಪೊರೆಯ ಮೇಲೆ ಕೋಶಗಳನ್ನು ಬೆಳೆಸಿ ಪೊರೆಸಮೇತ ಕಣ್ಣಿಗೆ ಹಾಸಿದ್ದಾರೆ ಎಂದು ಸವಿಸ್ತಾರವಾಗಿ ಹೇಳಿದೆ.

"ಗಂಡು ಮಗುವಾ, ಹೆಣ್ಣಾ?"

"ಅದನ್ನೆಲ್ಲ ಹೇಳುವುದಿಲ್ಲ ದೊಡ್ಡಮ್ಮ."

"ಯಾವುದಾದರೂ ಆಗಲಿ. ಹೆರಿಗೆಯದ್ದು ಮೈಮೇಲೆ ಬಂದ ಮೇಲೆ ಅಮೆ ಅಮೆಯೇ."

ಅಮೆ ಎಂದರೆ ನಮ್ಮಲ್ಲಿ ಕುಟುಂಬದಲ್ಲಿ ಮಗು ಹುಟ್ಟಿದಾಗ ಹಿಡಿಯುವ ಮೈಲಿಗೆ. ಅದು ಮುಗಿಯುವವರೆಗೆ ದೇವರ ದೀಪ ಹಚ್ಚಬಾರದು, ಬಾವಿಯ ಹಗ್ಗ ಮುಟ್ಟಬಾರದು, ದೇವರಿಗೆ ಹೋಗುವ ಹೂ ಕೊಯ್ಯಬಾರದು. ನಮ್ಮದು ತಾಯಿಯ ಕಡೆಯಿಂದ ಬರುವ ಕುಟುಂಬವಾದ್ದರಿಂದ ದೊಡ್ಡಮ್ಮನಿಗೆ ಅಮೆ ಬಂದರೆ ನನಗೂ ಬಂತು, ಅಂಬಲಪಾಡಿಯಲ್ಲಿದ್ದ ನನ್ನ ಅಮ್ಮನಿಗೂ ಬಂತು. ದೇವಸ್ಥಾನಕ್ಕೆ ಹೊರಟು ನಿಂತಿದ್ದ ಅಮ್ಮ ಫೋನಿನಲ್ಲಿ, "ಅಕ್ಕನಿಗೆ ಹುಚ್ಚು, ನಿನಗೆ ಬಾಯಿ" ಎಂದು ಬೈದು ಇಟ್ಟರು.

ನಾನು ವಾದಿಸಿದೆ. ಆಪರೇಷನ್ ಆಗಿ ದಿನಗಳಾದವಲ್ಲ ಎಂದರೆ, ದೂರದ ಊರಿನದ್ದಾದರೆ ಕಿವಿಗೆ ಬಿದ್ದ ದಿನದಿಂದ ಲೆಕ್ಕ ಎಂದರು ದೊಡ್ಡಮ್ಮ. ಆ ಪೊರೆ ಕೆಲವೇ ವಾರದಲ್ಲಿ ಕರಗಿಹೋಗುತ್ತದೆ ಎಂದೆ.

"ಹಾಗಾದರೆ ಸೂತಕವೂ ಹಿಡಿಯಬೇಕಾಗ್ತದಾ? ಅದನ್ನು ಆಮೇಲೆ ನೋಡುವ."

ನನಗೆ ಆಗಲೇ ಸಂಶಯ ಬರಬೇಕಿತ್ತು. ಹಿಂದಿನ ವರ್ಷ ನನ್ನ ತಂಗಿಗೆ ಮಗುವಾದಾಗ, ನಿಜವಾದ ಅಮೆಯ ನಡುವೆ, ರಾಜಾರೋಷವಾಗಿ ಬಾವಿಯಿಂದ ನೀರು ಸೇದಿದವರು ಇದೇ ದೊಡ್ಡಮ್ಮ. ಕೇಳಿದ್ದಕ್ಕೆ, "ದೇವರು ಎಡಗಡೆ ನಿಂತಿದ್ದ, ಕಾಣಲಿಲ್ಲ" ಎಂದಿದ್ದರು.

ನೀರಿಗೆಂದು ಹೊರಟರೆ ನನ್ನನ್ನು ತಡೆದರು. "ನೀನೂ ಮುಟ್ಟಬಾರದು."

"ಪಂಚಾಯತಿನ ನಳ್ಳಿ ಉಂಟಲ್ಲ?"

"ಅದರಲ್ಲಿ ಬರುವುದು ಉಪ್ಪುನೀರು. ನಮ್ಮ ಕುಟುಂಬದ್ದಲ್ಲದ ಹೆಂಗಸು ಯಾರಾದರೂ ಸೇದಿ ಕೊಡಬೇಕು." ಹೀಗೆಂದು ದೊಡ್ಡಮ್ಮ ಆಕಾಶ ನೋಡಿದರು. "ನಾಳೆ ಬೆಳಿಗ್ಗೆ ಮೊಗ್ಗು ಕೊಯ್ಯಲಿಕ್ಕೂ ಜನ ಬೇಕು. ಇಲ್ಲದಿದ್ದರೆ ಎಲ್ಲ ಗಿಡದಲ್ಲೇ ಬಿರಿದು ಹಾಳು. ಯಾರಿದ್ದಾರೆ ಮತ್ತೆ? ದೂರದವರನ್ನು ಎಲ್ಲಿ ಹುಡುಕುವುದು?"

ಗೋಡೆಯ ಆಚೆ ಕೊಡಪಾನ ಸದ್ದು ಮಾಡಿತು. ಯಾರೂ ಕರೆಯಲಿಲ್ಲ, ಆದರೂ ಗಂಡನ ಕಡೆಯವರಾದ್ದರಿಂದ ಅಮೆ ತಾಗದ ನಾದಿನಿ ತುಂಬಿದ ಕೊಡಪಾನ ತಂದು ನಮ್ಮ ಮೆಟ್ಟಿಲ ಮೇಲೆ ಇಟ್ಟು ಹೋದರು.

ಮರುದಿನದಿಂದ ಎರಡೂ ಅಂಗಳದ ಮೊಗ್ಗನ್ನು ಅವರೇ ಕೊಯ್ದು ನಮ್ಮ ಜಗಲಿಯಲ್ಲಿ ಕೂತು ಕಟ್ಟತೊಡಗಿದರು. ದೊಡ್ಡಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ನಾದಿನಿಯನ್ನು ಎಡಗಡೆಯಲ್ಲೇ ಇಟ್ಟುಕೊಂಡು, ಕಂಬಕ್ಕೆ ಮಾತಾಡಿದರು: "ಕೆಲವರು ಕಟ್ಟುವುದು ಎಷ್ಟು ಸಡಿಲ ಅಂದರೆ ಉಡುಪಿ ಮುಟ್ಟುವಾಗ ನಾರು ಮಾತ್ರ ಇರ್ತದೆ." ಮೊದಲ ದಿನ ನಾದಿನಿ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದರು. ಎರಡನೇ ದಿನ ಅವರೂ ಅದೇ ಕಂಬಕ್ಕೆ, "ಕೆಲವರು ಬಿಗಿ ಕಟ್ಟಿ ಮೊಗ್ಗಿನ ಕುತ್ತಿಗೆ ಹಿಸುಕ್ತಾರೆ" ಎಂದರು. ಆಮೇಲೆ ಕಂಬಕ್ಕೆ ಬಿಡುವು ಸಿಕ್ಕಿತು. ಇಬ್ಬರೂ ನೇರವಾಗಿಯೇ ಜಗಳಕ್ಕಿಳಿದರು. ಅಷ್ಟು ವರ್ಷ ಕೂಡಿಟ್ಟ ಮಾತು, ತುಂಬ ಇತ್ತು. ನಾನು ರಜೆ ಮುಂದುವರಿಸಿ ಕೂತು ಕೇಳಿದೆ.

ಅಮೆ ಕಳೆಯುವ ದಿನ ಹೊರಗಿನವರ ಕೈಯಿಂದ ತೀರ್ಥ ಪ್ರೋಕ್ಷಣೆ ಆಗಬೇಕು. ಚೆಂಬು ತುಂಬಿ ನಾದಿನಿಯ ಕೈಗೆ ಕೊಟ್ಟೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಕಣ್ಣಿಗೆ ನೀರು ತಾಗಬಾರದಂತೆ. ನನ್ನ ಕೈಯಿಂದ ಆ ಕಣ್ಣಿನ ಹತ್ತಿರ ಎಂತದೂ ಬೇಡ ಅತ್ತಿಗೆ. ಬೇರೆ ಯಾರನ್ನಾದರೂ ಕರೆಯಿರಿ."

"ನಿನ್ನ ಕೈಯಿಂದ ಅಂತಲೇ ಇಷ್ಟು ದಿನ ಅಮೆ ಹಿಡಿದು ಕೂತದ್ದು" ಎಂದರು ದೊಡ್ಡಮ್ಮ. "ಮುಚ್ಚಿ ಹಿಡಿ, ತಾಗುವುದಿಲ್ಲ."

ನಾದಿನಿ ಒಂದು ಅಂಗೈಯನ್ನು ದೊಡ್ಡಮ್ಮನ ಎಡಗಣ್ಣಿಗೆ ಮರೆಯಾಗಿ ಹಿಡಿದು, ಇನ್ನೊಂದು ಕೈಯಿಂದ ತಲೆಗೆ ನೀರು ಚಿಮುಕಿಸಿದರು. ಒಂದು ಹನಿಯೂ ಕಣ್ಣಿನ ಹತ್ತಿರ ಹೋಗಲಿಲ್ಲ. ನನ್ನ ಮೇಲೆ ಮಾತ್ರ ಚೆಂಬಿನಲ್ಲಿ ಉಳಿದದ್ದೆಲ್ಲ ಬಿತ್ತು.

ದೊಡ್ಡಮ್ಮ ಕನ್ನಡಕ ತೆಗೆದು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ನಾದಿನಿಯ ಕಡೆಗೆ ಮುಖ ತಿರುಗಿಸಿದರು. ಬರೀ ಎಡಗಣ್ಣಿನಿಂದ ನೋಡಿದರು.

"ಈ ಕಣ್ಣು ಕೊನೆಗೆ ನೋಡಿದ್ದು ನಿನ್ನ ಮುಖ. ಈಗ ಮೊದಲು ನೋಡುವುದೂ ಅದನ್ನೇ. ನನ್ನ ಹಣೆಬರಹ."

"ಕಾಣ್ತದಾ ಅತ್ತಿಗೆ?"

"ಮಂಜು ಮಂಜು. ಹಸಿರು ಸೀರೆ ಅಂತ ಗೊತ್ತಾಗ್ತದೆ. ಅಳುವುದು ಕಾಣುವುದಿಲ್ಲ, ಕೇಳ್ತದೆ. ಮೂಗು ಒರೆಸಿಕೊ."

ಆಮೇಲೆ ದೊಡ್ಡಮ್ಮ ಜಗಲಿಯ ಬೆಂಚಿನಲ್ಲಿ ಸರಿದು ಬಲಗಡೆಯ ಜಾಗವನ್ನು ಸೆರಗಿನಿಂದ ಒರೆಸಿದರು. ಅದು ಯಾವಾಗಲೂ ನಾನು ಕೂರುತ್ತಿದ್ದ ಜಾಗ.

"ಇಲ್ಲಿ ಬಂದು ಕೂರು" ಎಂದರು ನಾದಿನಿಗೆ. "ಆ ಕಡೆ ಇನ್ನೂ ಸರಿ ಕಾಣುವುದಿಲ್ಲ."