ಮಟ್ಟಿ ಅಂಚಿನ ಮೆಟ್ಟು

ಆ ಶನಿವಾರ ಸಿದ್ದಯ್ಯ ಅರಸೀಕೆರೆಯಿಂದ ಹೊತ್ತಿಗೆ ಮುಂಚೆಯೇ ಬಂದ. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವ ಕೆಲಸ ಅವನದು. ಜಾವಗಲ್ಲಿನಲ್ಲಿ ಬಸ್ಸಿಳಿದು ಮನೆಗೆ ಬಂದವನು ಕೈಕಾಲು ತೊಳೆದು, ಜಗಲಿ ಮೇಲೆ ಕೂತು ಉಗುರು ಕತ್ತರಿಸತೊಡಗಿದ. ಒಳಗೆ ಹುರುಳಿಕಾಳು ಬಸಿಯುತ್ತಿದ್ದ ಹೆಂಡತಿ ಗಿಡ್ಡಮ್ಮ ಸದ್ದು ಕೇಳಿ ಈಚೆಗೆ ಬಂದಳು.

"ಶನಿವಾರ ಸಂಜೆ ಉಗುರು ತೆಗೀತಾರೇನಯ್ಯ? ಮನೆಗೆ ದರಿದ್ರ ಬತ್ತದೆ."

"ನಾಳೆ ಕುಸ್ತಿ ಐತೆ ಕಣೇ. ಉಗುರಿದ್ರೆ ಹುಡುಗರ ಬೆನ್ನು ಗೀರ್ತದೆ."

"ಅವರು ಒಬ್ಬರನ್ನೊಬ್ಬರು ಎತ್ತಿ ಕುಕ್ಕಿದ್ರೆ ನೋಯಲ್ಲ, ನಿನ್ನ ಉಗುರು ತಾಕಿದ್ರೆ ನೋಯ್ತದಾ?"

ಸಿದ್ದಯ್ಯ ನಕ್ಕ. ವಯಸ್ಸಿನಲ್ಲಿ ಅವನೂ ಆಡಿದವನೇ. ಮಂಡಿ ಚಿಪ್ಪು ಸರಿದ ಮೇಲೆ ಆಡೋದು ಬಿಟ್ಟು ತೀರ್ಪು ಹೇಳೋಕೆ ನಿಂತ. ಬೇಲೂರು, ಹಳೇಬೀಡು, ಜಾವಗಲ್ಲು, ಎಲ್ಲಿ ಕುಸ್ತಿ ಆದರೂ ಅವನಿಗೇ ಹೇಳಿಕಳಿಸೋರು. ಕುಸ್ತಿ ನೋಡೋರು ನಿಂತು ನೋಡ್ತಾರೆ. ತೀರ್ಪು ಹೇಳೋನು ಮಣ್ಣಲ್ಲಿ ಮಲಗಿ ನೋಡಬೇಕು. ಕೆಳಗೆ ಬಿದ್ದವನ ಭುಜಕ್ಕೂ ಮಣ್ಣಿಗೂ ನಡುವೆ ಅಂಗೈ ತೂರಿಸಬೇಕು. ಕೈ ಆಡಿದರೆ ಕುಸ್ತಿ ಇನ್ನೂ ಐತೆ ಅಂತ. ಎರಡು ಭುಜದ ಕೆಳಗೂ ಕೈ ತೂರದೆ ಹೋದರೆ ಚಿತ್, ಅಂದರೆ ಸೋತ. ಆಮೇಲೆ ಸೋತ ಕಡೆಯೋರು ಅಮ್ಮ ಅಕ್ಕ ಅಂತ ಬೈತಾರೆ. ಬೈಸಿಕೊಂಡು ಅಂಗಿ ಕೊಡವಿಕೊಂಡು ಮುಂದಿನ ಜೋಡಿ ಕರೀಬೇಕು. ಕುಸ್ತಿ ದಿನ ಅವನು ಯಾರ ಮನೆ ನೀರೂ ಮುಟ್ಟುತ್ತಿರಲಿಲ್ಲ. ಒಂದು ಕಡೆಯೋರ ಕಾಫಿ ಕುಡಿದರೆ ಇನ್ನೊಂದು ಕಡೆಯೋರಿಗೆ ಅನುಮಾನ. ಅದಕ್ಕೇ ಮನೆಯಿಂದಲೇ ಬಾಟಲಿ ತಗೊಂಡು ಹೋಗೋನು.

"ನಾಳೆ ಯಾರ್ಯಾರದು ಜೋಡಿ?" ಅಂದಳು ಗಿಡ್ಡಮ್ಮ.

"ಕಡೇ ಜೋಡಿ ನಮ್ಮೂರ ಮನು, ತಮ್ಮಣ್ಣಿ ಮಗ ಶಶಿ."

"ತಮ್ಮಣ್ಣಿ ಮಗನ ಕುಸ್ತಿಗೆ ನೀನ್ಯಾಕಯ್ಯ ನಿಲ್ತೀಯ? ಹುಡುಗ ಸೋತ್ರೆ ಆವಯ್ಯ ಸುಮ್ನಿರ್ತಾನಾ?"

"ಒಂದೇ ಗರಡೀಲಿ ಮಣ್ಣು ಹೊತ್ತೋರು ಕಣೇ ನಾವು. ಬೈತಾನೆ. ಆಮೇಲೆ ಬಂದು ಮುದ್ದೆ ಉಣ್ತಾನೆ."

ತಮ್ಮಣ್ಣಿ ಬೇಲೂರಿನಲ್ಲಿ ಗರಡಿ ಇಟ್ಟವನು. ಜಲ್ಲಿ ಲಾರಿಗಳೂ ಇದ್ದವು. ಜನ ಉಸ್ತಾದ್ ಅಂತ ಕರೀತಿದ್ದರು. ಅರಸೀಕೆರೆ ಕಡೆ ಬಂದಾಗಲೆಲ್ಲ ಗಿಡ್ಡಮ್ಮನ ಮನೆಯಲ್ಲಿ ಉಂಡೇ ಹೋಗೋನು. ಅವಳ ಉಪ್ಸಾರು ಅಂದರೆ ಪ್ರಾಣ ಅನ್ನೋನು.

ಭಾನುವಾರ ಹಳೇಬೀಡಿನಲ್ಲಿ ಕುಸ್ತಿ ಆಯಿತು. ಅಲ್ಲಿಯ ಗರಡಿ ಮುಂದೆಯೇ ಮಟ್ಟಿ, ಅಂದರೆ ಕುಸ್ತಿ ಆಡುವ ಕೆಮ್ಮಣ್ಣಿನ ಕಣ. ಸುತ್ತ ಮೊಣಕಾಲೆತ್ತರದ ಕಲ್ಲುಕಟ್ಟೆ, ಒಂದು ಕಡೆ ದೊಡ್ಡವರು ಕೂರೋ ಸ್ಟೇಜ್. ಗಿಡ್ಡಮ್ಮ ಹೋಗಿರಲಿಲ್ಲ. ಹೆಂಗಸರು ಮಟ್ಟಿ ಹತ್ತಿರ ಸುಳಿಯುವ ಹಾಗಿಲ್ಲ. ಆಮೇಲೆ ಮನು ಬಂದು ಅಳುತ್ತ ಹೇಳಿದ್ದು ಇಷ್ಟು. ಮನು ಶಶಿಯನ್ನು ಎತ್ತಿ ಹಾಕಿದ. ಸಿದ್ದಯ್ಯ ಮಲಗಿ ಎರಡು ಭುಜದ ಕೆಳಗೂ ಕೈ ತೂರಿಸಲು ನೋಡಿದ, ತೂರಲಿಲ್ಲ. ಎದ್ದು ಚಿತ್ ಅಂದ. ಶಶಿ ಕಡೆಯ ಜನ ಹೋ ಅಂತ ಮಟ್ಟಿಗೆ ನುಗ್ಗಿದರು. ಧೂಳು. ಯಾರ ಮುಖ ಯಾರಿಗೂ ಕಾಣಲಿಲ್ಲ. ಜನ ಸರಿದಾಗ ಸಿದ್ದಯ್ಯನ ತಲೆ ಕಲ್ಲುಕಟ್ಟೆಗೆ ಒರಗಿತ್ತು. ಮಣ್ಣಿನ ಬಣ್ಣದಲ್ಲಿ ರಕ್ತ ಗೊತ್ತಾಗಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಡಲಿಲ್ಲ.

ಪೊಲೀಸರು ಕೇಳಿದರು. ತಮ್ಮಣ್ಣಿ ಹೇಳಿದ, "ನಾನು ಸ್ಟೇಜ್ ಬಿಟ್ಟು ಕೆಳಕ್ಕೇ ಇಳೀಲಿಲ್ಲ ಸಾರ್. ಪಾಪ, ಬಿಪಿ ಇತ್ತು. ತಲೆ ಸುತ್ತಿ ಬಿದ್ದ." ಅಲ್ಲಿದ್ದವರೆಲ್ಲ ಅದನ್ನೇ ಹೇಳಿದರು. ಹೆಣ ಎತ್ತುವಾಗ ಎಲ್ಲರಿಗಿಂತ ಜೋರಾಗಿ ಅತ್ತವನು ತಮ್ಮಣ್ಣಿ. ಅತ್ತು ಮುಗಿಸಿ, ಅಲ್ಲೇ ಚಪ್ಪರದ ಕೆಳಗೆ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಅಂದ, "ತೀರ್ಪು ಹೇಳೋ ಹೊತ್ತಿಗೇ ಅವನಿಗೆ ಕಣ್ಣು ಕತ್ತಲೆ ಬಂದಿತ್ತು. ನನ್ನ ಮಗ ಚಿತ್ ಆಗಿರಲಿಲ್ಲ. ಇರಲಿ, ಸಮ ಅಂತ ಬಿಟ್ಟುಬಿಡೋಣ."

ಗಿಡ್ಡಮ್ಮ ಗೋಡೆಗೆ ಒರಗಿ ಕೂತಿದ್ದಳು. ಕುಂಕುಮ ಅಳಿಸಲು ಬಂದ ಹೆಂಗಸರನ್ನು ಪಕ್ಕಕ್ಕೆ ಸರಿಸಿ ತಮ್ಮಣ್ಣಿಯ ಮುಖ ನೋಡಿದಳು. ಹೆಣದ ಮುಂದೆಯೇ ಮಗನ ಸೋಲು ತೊಳೆಯೋಕೆ ನಿಂತವನೆ ಅಂದ್ರೆ ಇವನೇ ನನ್ನ ಗಂಡನ ಜೀವ ತಿಂದ, ಈಗ ಅವನ ಮಾತನ್ನೂ ತಿಂತಾವನೆ ಅಂದುಕೊಂಡಳು. ತಿಂದಿದ್ದನ್ನು ಕುಸ್ತಿ ಜನರ ಮುಂದೆ, ಇವನ ಬಾಯಿಂದಲೇ ಕಕ್ಕಿಸಬೇಕು. ಅವತ್ತಿನಿಂದ ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ತಿಥಿ ಮುಗಿದ ಮೇಲೆ ಗಂಡನ ಮೆಟ್ಟು ತರೋಣ ಅಂತ ಹಳೇಬೀಡಿಗೆ ಹೋದಳು. ಗರಡಿ ನೋಡಿಕೊಳ್ಳುವ ಮುದುಕ ಗಿಡ್ಡಯ್ಯ ಒಂದು ಗೊಬ್ಬರದ ಚೀಲ ತಂದುಕೊಟ್ಟ.

"ಮಟ್ಟಿ ಅಂಚಲ್ಲಿ ಬಿದ್ದಿದ್ದು ಇವೇ ಕಣವ್ವ. ಎಲ್ಲರೂ ಅವರವರದು ತಗೊಂಡು ಹೋದ್ರು. ಇವನ್ನ ಯಾರೂ ಕೇಳ್ಕೊಂಡು ಬರಲಿಲ್ಲ."

ಚೀಲದಲ್ಲಿ ಎರಡು ಜೊತೆ. ಒಂದು ಸಿದ್ದಯ್ಯನ ಹವಾಯಿ. ಇನ್ನೊಂದು ಚರ್ಮದ್ದು, ಟೈರಿನ ಅಟ್ಟೆ. ಎಡಗಾಲಿನದರ ಹೆಬ್ಬೆರಳು ತೂರಿಸುವ ಉಂಗುಷ್ಠ ಕಿತ್ತು ಅಗಲ ಪಟ್ಟಿ ಹಾಕಿ ಹೊಲಿದಿತ್ತು.

ಗಿಡ್ಡಮ್ಮ ಅಲ್ಲೇ ಕೂತುಬಿಟ್ಟಳು. ತಮ್ಮಣ್ಣಿಯ ಎಡಗಾಲಿನ ಹೆಬ್ಬೆರಳು ಲಾರಿ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಬೇಲೂರು ಬಸ್‌ಸ್ಟ್ಯಾಂಡಿನ ಹತ್ತಿರ ಹೇಳಿ ಹೊಲಿಸಿಕೊಂಡ ಮೆಟ್ಟು ಅದು. ಅವಳ ಮನೆ ಬಾಗಿಲಲ್ಲಿ ಎಷ್ಟು ಸಲ ಬಿಟ್ಟು ಒಳಗೆ ಬಂದಿದ್ದನೋ.

ಮೆಟ್ಟು ಹಾಕಿಕೊಂಡು ಯಾವ ಗರಡಿಯವನೂ ಮಟ್ಟಿ ತುಳಿಯೋದಿಲ್ಲ. ಅದು ದೇವರ ಮಣ್ಣು. ಚಿಕ್ಕಂದಿನಿಂದ ಕಾಲಿಗೆ ಅಂಟಿದ ಅಭ್ಯಾಸ. ಆಡೋಕೆ ಬರಲಿ, ನೋಡೋಕೆ ಬರಲಿ, ಅಂಚಿನಲ್ಲಿ ಬಿಟ್ಟೇ ಇಳೀತಾರೆ. ತಮ್ಮಣ್ಣಿ ಸ್ನೇಹಿತನನ್ನು ನೂಕೋಕೆ ಓಡಿ ಬಂದಾಗಲೂ ಮೆಟ್ಟು ಬಿಟ್ಟೇ ಇಳಿದಿದ್ದ! ಸ್ಟೇಜ್ ಮೇಲೇ ಇದ್ದವನ ಮೆಟ್ಟು ಮಟ್ಟಿ ಅಂಚಿಗೆ ನಡೆದುಕೊಂಡು ಬಂತಾ?

ಸ್ಟೇಷನ್ನಿಗೆ ಹೋದಳು. ಒಬ್ಬ ಪೊಲೀಸಿನವನು ಚೀಲದೊಳಗೆ ಇಣುಕಿ, "ಚಪ್ಪಲಿ ಸಾಕ್ಷಿ ಹೇಳ್ತದೇನಮ್ಮ?" ಅಂದ. ಪಕ್ಕದವನು ನಕ್ಕ. ಗಿಡ್ಡಮ್ಮ ಚೀಲ ಎತ್ತಿಕೊಂಡು ಬಂದಳು. ಇವರಿಗೆ ಅರ್ಥವಾಗದಿದ್ದರೆ ಬೇಡ. ಅರ್ಥವಾಗುವ ಜನ ಬೇರೆ ಇದ್ದಾರೆ.

ಅವಳು ಯಾರಿಗೂ ಹೇಳಲಿಲ್ಲ, ಮನುವಿಗೂ ಹೇಳಲಿಲ್ಲ. ಚೀಲವನ್ನು ರಾಗಿ ಡ್ರಮ್ಮಿನ ಹಿಂದೆ ಇಟ್ಟಳು. ತಮ್ಮಣ್ಣಿ ದಾರಿಯಲ್ಲಿ ಸಿಕ್ಕರೆ ಮಾತಾಡಿಸಿದಳು. ಅವನಿಗೆ ಧೈರ್ಯ ಬಂತು. ವರ್ಷ ತುಂಬುತ್ತ ಬಂದಾಗ ಮನೆಗೇ ಬಂದ. ಕಾಲಲ್ಲಿ ಹೊಸ ಮೆಟ್ಟು. ಬಾಗಿಲಲ್ಲಿ ಬಿಟ್ಟು ಒಳಗೆ ಬಂದು ಕೂತ.

"ಅತ್ತಿಗೆ, ಸಿದ್ದಯ್ಯನ ಹೆಸರಲ್ಲಿ ಹಳೇಬೀಡಲ್ಲಿ ಕುಸ್ತಿ ಇಡಿಸ್ತಾ ಇವ್ನಿ. ಬೇಲೂರಲ್ಲೆಲ್ಲ ಫ್ಲೆಕ್ಸ್ ಹಾಕ್ಸಿವ್ನಿ, ಅವನದೂ ನಂದೂ ಫೋಟೋ ಜೋಡೀಲಿ. ಗೆದ್ದೋನಿಗೆ ಬೆಳ್ಳಿ ಗದೆ. ನಿನ್ನ ಕೈಯಿಂದಲೇ ಕೊಡಿಸಬೇಕು ಅಂತ ಆಸೆ."

"ಹೆಂಗಸರು ಮಟ್ಟಿ ಹತ್ರ ಬರೋ ಹಂಗಿಲ್ವಲ್ಲಪ್ಪ."

"ಸ್ಟೇಜ್ ಮೇಲೆ ನಿಂತ್ಕೋ. ಮಟ್ಟಿ ತುಳೀದಿದ್ರೆ ಆಯ್ತು."

"ಶಶಿ ಆಡ್ತಾನಾ?"

"ಆಡ್ದೆ? ಅವನೇ ಗದೆ ಹೊಡೆಯೋನು, ನೋಡ್ತಿರು."

"ಆಯ್ತು. ಬತ್ತೀನಿ." ಒಲೆ ಕಡೆ ತಿರುಗಿ ಕೇಳಿದಳು, "ಉಪ್ಸಾರು ಐತೆ, ಉಣ್ತೀಯಾ?"

ಉಂಡ. ಎರಡು ಸಲ ಸಾರು ಹಾಕಿಸಿಕೊಂಡ. ಉಣ್ಣು, ಈ ಮನೇಲಿ ಇದೇ ಕಡೇ ಊಟ ಅಂತ ಮನಸ್ಸಿನಲ್ಲಿ ಅಂದುಕೊಂಡಳು.

ಕುಸ್ತಿ ದಿನ ಹಳೇಬೀಡಿನಲ್ಲಿ ಜನವೋ ಜನ. ಹಾಸನ, ಅರಸೀಕೆರೆ, ಬೇಲೂರು ಗರಡಿಗಳ ಉಸ್ತಾದರೆಲ್ಲ ಪೇಟ ಸುತ್ತಿಕೊಂಡು ಕೂತಿದ್ದರು. ಗಿಡ್ಡಮ್ಮ ಚೀಲ ಹಿಡಿದುಕೊಂಡು ಸ್ಟೇಜ್ ಹತ್ತಿದಳು. ಪ್ರಸಾದ ತಂದಿರಬೇಕು ಅಂದುಕೊಂಡರು. ಕಡೇ ಜೋಡಿ ಶಶಿಯದು, ಅರಸೀಕೆರೆಯ ಸಿದ್ಧಾರ್ಥ ಅನ್ನೋ ಹುಡುಗನ ಮೇಲೆ. ಇಬ್ಬರೂ ಮಟ್ಟಿಗೆ ಇಳಿದರು. ಕೈಗೆ ಕೈ ಕೊಡುವ ಮೊದಲು ಎರಡು ಮಾತಾಡವ್ವ ಅಂತ ತಮ್ಮಣ್ಣಿಯೇ ಮೈಕು ಕೊಟ್ಟ.

ಗಿಡ್ಡಮ್ಮ ಮೈಕು ಹಿಡಿದುಕೊಂಡು ಸ್ಟೇಜ್ ಇಳಿದಳು. ವೈರು ಎಳೆದುಕೊಂಡು ಮಟ್ಟಿ ಅಂಚಿಗೆ ಬಂದು ನಿಂತಳು. ಚೀಲ ಬಿಚ್ಚಿದಳು. ಆ ಮೆಟ್ಟು ತೆಗೆದು ಎತ್ತಿ ಹಿಡಿದಳು.

"ನಂಗೆ ಮಾತಾಡೋಕೆ ಬರಲ್ಲ. ನನ್ನ ಗಂಡ ಬಿದ್ದ ದಿನ ಇವು ಈ ಅಂಚಲ್ಲಿ ಬಿದ್ದಿದ್ವು. ಯಾರೂ ಕೇಳ್ಕೊಂಡು ಬರಲಿಲ್ಲ. ಇವು ಯಾರವು?"

ಮುದುಕ ಗಿಡ್ಡಯ್ಯ ಕೂಗಿದ, "ಹೂಂ, ಇಲ್ಲೇ ಇದ್ವು, ನಾನೇ ಎತ್ತಿಟ್ಟಿದ್ದು." ಉಸ್ತಾದರು ಒಬ್ಬರ ಮುಖ ಒಬ್ಬರು ನೋಡಿದರು. ಸ್ಟೇಷನ್ನಿನವರಿಗೆ ಅರ್ಥವಾಗದ್ದು ಇವರಿಗೆ ಅಷ್ಟರಲ್ಲೇ ಅರ್ಥವಾಯಿತು. ಬೇಲೂರಿನವರಿಗಂತೂ ಆ ಅಗಲ ಪಟ್ಟಿ ನೋಡಿದರೆ ಸಾಕು. ಅವರೆಲ್ಲ ಸ್ಟೇಜ್ ಮೇಲಿದ್ದ ತಮ್ಮಣ್ಣಿಯ ಕಡೆ ತಿರುಗಿದರು.

"ಯಾರವೂ ಅಲ್ವಾ? ಹಂಗಾದ್ರೆ ಮಟ್ಟಿಗೆ ಎಸೀತೀನಿ," ಅಂದು ಗಿಡ್ಡಮ್ಮ ಕೈ ಎತ್ತಿದಳು.

"ಬ್ಯಾಡ! ಬ್ಯಾಡ ಕಣವ್ವ! ನನ್ನ ಮೆಟ್ಟು ಮಟ್ಟಿ ಮೇಲೆ ಹಾಕಬ್ಯಾಡ!"

ತಮ್ಮಣ್ಣಿ ಸ್ಟೇಜಿನಿಂದ ಧುಮುಕಿ ಓಡಿಬಂದ. ಅಂಚಿಗೆ ಬಂದವನು, ಆ ಗಾಬರಿಯಲ್ಲೂ, ಕಾಲಿನ ಹೊಸ ಮೆಟ್ಟು ಕಳಚಿಯೇ ಅವಳಿಗೆ ಅಡ್ಡವಾಗಿ ಮಟ್ಟಿಗೆ ಇಳಿದ. ಇಳಿದ ಮೇಲೆ ತಾನು ಆಡಿದ್ದೇನು, ಮಾಡಿದ್ದೇನು ಅಂತ ಅವನಿಗೆ ಗೊತ್ತಾಯಿತು. ಬರಿಗಾಲಲ್ಲಿ ಹಾಗೇ ನಿಂತ.

"ಅವತ್ತೂ ಹಿಂಗೇ ಇಳಿದಾ?" ಅಂದಳು ಗಿಡ್ಡಮ್ಮ. ಮೈಕು ಅವಳ ಕೈಯಲ್ಲೇ ಇತ್ತು.

ತಮ್ಮಣ್ಣಿ ತಲೆ ತಗ್ಗಿಸಿದ. "ಸಾಯ್ಲಿ ಅಂತ ನೂಕಲಿಲ್ಲ ಕಣವ್ವ. ಸಿಟ್ಟು ಬಂತು. ನೂಕ್ದೆ."

"ಕುಸ್ತಿ ಯಾರು ಗೆದ್ದಿದ್ದು?"

ತಮ್ಮಣ್ಣಿ ಮಗನ ಕಡೆ ನೋಡಿದ. ಮಗ ಶಶಿ ಹೇಳಿದ, "ಮನು ಗೆದ್ದಿದ್ದು. ಎರಡು ಭುಜಾನೂ ಮುಟ್ಟಿತ್ತು. ಸಿದ್ದಯ್ಯಣ್ಣನ ಕೈ ನನ್ನ ಭುಜದಡಿ ತೂರಲೇ ಇಲ್ಲ."

"ಇದನ್ನ ಹೇಳೋಕೆ ಒಂದು ವರ್ಷ ಬೇಕಾಯ್ತೇನ್ಲಾ ನಿಂಗೆ?" ಅಂದಳು ಗಿಡ್ಡಮ್ಮ.

ಶಶಿ ಕಣ್ಣೀರು ಒರೆಸಿಕೊಂಡು, ಆಟ ಶುರು ಮಾಡೋಣ ಅನ್ನೋ ಹಾಗೆ ಸಿದ್ಧಾರ್ಥನ ಕಡೆ ಕೈ ಚಾಚಿದ. ಸಿದ್ಧಾರ್ಥ ಆ ಕೈ ನೋಡಿದ, ತನ್ನ ಉಸ್ತಾದನ ಕಡೆ ನೋಡಿದ, ಕೈ ಹಿಂದಕ್ಕೆ ಕಟ್ಟಿಕೊಂಡ. ಕೈ ಕೊಡದಿದ್ದರೆ ಕುಸ್ತಿ ಇಲ್ಲ. ಒಬ್ಬೊಬ್ಬರಾಗಿ ಉಸ್ತಾದರು ಎದ್ದರು, ಹುಡುಗರನ್ನು ಕರೆದುಕೊಂಡು ಹೊರಟರು. ಬೆಳ್ಳಿ ಗದೆ ಮೇಜಿನ ಮೇಲೆಯೇ ಉಳಿಯಿತು. ಗಿಡ್ಡಮ್ಮ ಮೆಟ್ಟನ್ನು ಅಂಚಿನಲ್ಲೇ ತಮ್ಮಣ್ಣಿಯ ಮುಂದೆ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದಳು.

ಅಷ್ಟು ಜನರ ಮುಂದೆ ಆಡಿದ ಮಾತನ್ನು ಪೊಲೀಸರೂ ಬರೆದುಕೊಳ್ಳಬೇಕಾಯಿತು. ಕೇಸು ನಡೀತಾ ಐತೆ. ತಮ್ಮಣ್ಣಿ ಜಾಮೀನಿನ ಮೇಲೆ ಹೊರಗಿದ್ದಾನೆ. ಕೋರ್ಟು ಏನು ಮಾಡುತ್ತದೋ ಗಿಡ್ಡಮ್ಮನಿಗೆ ಗೊತ್ತಿಲ್ಲ. ಆದರೆ ಅವತ್ತಿನಿಂದ ಯಾವ ಊರಿನ ಕುಸ್ತಿಯಲ್ಲೂ ತಮ್ಮಣ್ಣಿ ಗರಡಿಯವರಿಗೆ ಜೋಡಿ ಸಿಗುತ್ತಿಲ್ಲ. ಅವನ ಹುಡುಗರೆಲ್ಲ ಬೇರೆ ಗರಡಿ ಸೇರಿದರು. ಶಶಿ ಒಬ್ಬನೇ ಉಳಿದ.

ಮೊನ್ನೆ ತಮ್ಮಣ್ಣಿಯ ಹೆಂಡತಿ ವೆಂಕಟಲಕ್ಷ್ಮಮ್ಮ ಬಂದು ಬಾಗಿಲಲ್ಲಿ ನಿಂತಳು. "ಅಪ್ಪ ಮಾಡಿದ್ದಕ್ಕೆ ಮಗ ಏನು ಮಾಡ್ದ ಅಕ್ಕ? ಅವನಿಗಿನ್ನೂ ಚಿಕ್ಕ ವಯಸ್ಸು. ನೀನು ಒಂದು ಮಾತು ಹೇಳಿದ್ರೆ ಎಲ್ಲರೂ ಕೈ ಕೊಡ್ತಾರೆ."

"ನನ್ನ ಗಂಡ ಏನು ಮಾಡಿದ್ದ?" ಅಂದಳು ಗಿಡ್ಡಮ್ಮ. "ಹೋಗಿ ಬಾರಮ್ಮ."

ಆ ಒಂದು ಮಾತು ಅವಳು ಹೇಳಲಿಲ್ಲ. ಹೇಳೋದೂ ಇಲ್ಲ. ಊರಲ್ಲಿ ಕಲ್ಲು ಮನಸ್ಸಿನೋಳು ಅಂತಾರೆ. ಅನ್ನಲಿ.

ಬೆಳಗ್ಗೆ ಎದ್ದು ಅವಳು ಮೊದಲು ಮಾಡುವ ಕೆಲಸ, ಜಾವಗಲ್ ಗರಡಿಗೆ ನೀರು ಇಡೋದು. ರಾತ್ರಿ ಕಳೆದರೆ ಮಟ್ಟಿ ಮಣ್ಣು ಒಣಗಿ ಗಟ್ಟಿಯಾಗುತ್ತದೆ. ನೀರು ಚಿಮುಕಿಸಿ ಅಗೆದರೇ ಹುಡುಗರು ಆಡೋಕೆ ಆಗೋದು. ಬೀದಿ ನಲ್ಲಿಯಲ್ಲಿ ಎರಡು ಕೊಡ ಹಿಡಿದು, ಒಂದು ತಲೆ ಮೇಲೆ, ಒಂದು ಸೊಂಟದ ಮೇಲೆ ಇಟ್ಟುಕೊಂಡು ಹೋಗುತ್ತಾಳೆ. ಒಳಗೆ ಕಾಲಿಡೋದಿಲ್ಲ. ಹೊಸ್ತಿಲ ಈಚೆಗೆ ಕೊಡ ಇಳಿಸಿ ಬಾಗಿಲು ಬಡಿಯುತ್ತಾಳೆ.

"ಯಾರ್ಲಾ ಒಳಗೆ? ನೀರು ತಗೊಳ್ರೋ."

ಮನು ಬಂದು ಕೊಡ ಎತ್ತಿಕೊಳ್ಳುತ್ತಾನೆ. ಖಾಲಿ ಕೊಡ ಬರೋವರೆಗೂ ಅವಳು ಅಲ್ಲೇ ನಿಂತಿರುತ್ತಾಳೆ.